ಕುಣಿಯ ಸಾಕ್ಷಿ

ನಸೀರುದ್ದೀನ ಉಪಕಾರ ಮಾಡಲು ಹೋಗಿ ಅಂಬ್ರಪ್ಪನ ಹೊಟ್ಟೆಯ ಮೇಲೆ ಹೊಡೆದಿದ್ದ. ಅದು ಅವನಿಗೆ ಗೊತ್ತಾದದ್ದು ಮಣ್ಣು ಅಗೆಯುವ ಮಶೀನು ಬಂದ್ ಮಾಡಿ, ಬೀಡಿ ಹಚ್ಚಿ, ಹಿಂತಿರುಗಿ ನೋಡಿದಾಗ. ಅಂಬ್ರಪ್ಪನ ಹೆಂಡತಿ ದೇವಕಮ್ಮ ಕುಣಿಯ ದಂಡೆಯಲ್ಲಿ ಬುಟ್ಟಿ ಕೆಳಗಿಟ್ಟು, ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು.

ವನದುರ್ಗದ ಆಚೆ ಕಾಲುವೆ ತೋಡುವ ಕೆಲಸ. ಅಮಾವಾಸ್ಯೆಯಿಂದ ಈಚೆಗೆ ಗಂಡ ಹೆಂಡತಿ ಇಬ್ಬರೇ ಗುದ್ದಲಿ, ಸಲಿಕೆ ಹಿಡಿದು ಆ ಕುಣಿ ಅಗೆದಿದ್ದರು. ಬೆಳಿಗ್ಗೆ ಗುತ್ತೇದಾರನ ಹೊಸ ಮಶೀನು ಬಂತು. ನಾಳೆಯಿಂದ ಕೈಕೆಲಸ ಬಂದ್ ಎಂಬ ಮಾತೂ ಅದರ ಬೆನ್ನಿಗೇ ಬಂತು. ಕುಣಿಯ ನಡುವೆ ಒಂದು ಮಣ್ಣಿನ ಕಂಬ ಉಳಿದದ್ದು ನಸೀರುದ್ದೀನನ ಕಣ್ಣಿಗೆ ಬಿತ್ತು. ಪಾಪ, ಗಟ್ಟಿ ನೆಲ, ಇವರ ಕೈಲಿ ಆಗಿಲ್ಲ ಎಂದುಕೊಂಡು ಒಂದೇ ತುತ್ತಿಗೆ ಅದನ್ನು ಎತ್ತಿ ಒಗೆದಿದ್ದ.

ಅದು ಸಾಕ್ಷಿ. ಏರುತಗ್ಗಿನ ನೆಲದಲ್ಲಿ ಎಷ್ಟು ಆಳ ಅಗೆದರೆಂದು ತಿಳಿಯಲು ನಡುವೆ ಒಂದು ತುಂಡು ನೆಲ ಮುಟ್ಟದೆ ಬಿಡುತ್ತಾರೆ. ಕಾರಕೂನ ಬಂದು ಟೇಪು ಹಿಡಿದು ಅಳೆಯುತ್ತಾನೆ. ಅದರ ಎತ್ತರ ಎಷ್ಟೋ ಕೂಲಿ ಅಷ್ಟು. ಇದನ್ನು ಹೇಳುವಾಗ ಅಂಬ್ರಪ್ಪ ದನಿ ಏರಿಸಲಿಲ್ಲ. ಬೈದಿದ್ದರೆ ನಸೀರುದ್ದೀನನಿಗೆ ಎಷ್ಟೋ ಹಗುರಾಗುತ್ತಿತ್ತು. ರಸ್ತೆ ಕೆಲಸದ ಮಶೀನುಗಳಿಗೆ ವರ್ಷಗಟ್ಟಲೆ ಗ್ರೀಸ್ ಹಚ್ಚಿ ಕಲಿತವನು ಅವನು. ಅಲ್ಲಿ ಉಬ್ಬು ಕಂಡರೆ ಕೆರೆಯುವುದೊಂದೇ ವಿದ್ಯೆ.

ಕಾರಕೂನ ಪರಮಣ್ಣ ತಲೆಗೆ ಟವೆಲ್ ಸುತ್ತಿಕೊಂಡು ಬಂದ. ಕೆಟ್ಟವನಲ್ಲ, ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ. ಇಲ್ಲಿ ಮೊದಲೇ ತಗ್ಗು ಇದ್ದಿರಬೇಕು ಎಂದ. ಅಂಬ್ರಪ್ಪ ಹೊತ್ತು ಹಾಕಿದ ಮಣ್ಣಿನ ಗುಡ್ಡೆ ತೋರಿಸಿದರೆ, ಅದರಲ್ಲಿ ಮಶೀನಿನ ಮಣ್ಣೂ ಸೇರಿದೆಯಲ್ಲ ಎಂದ. ನಾವು ಅಗೆದದ್ದನ್ನು ವನದುರ್ಗದ ಕೋಟೆ ನೋಡಿದೆ, ಅದನ್ನೇ ಕೇಳಿ ಎಂದಳು ದೇವಕಮ್ಮ. ಕೋಟೆಗೆ ಸಹಿ ಮಾಡಲು ಬರುವುದಿಲ್ಲ ಎಂದು ಪರಮಣ್ಣ ನಕ್ಕ. ಆಮೇಲೆ ನಸೀರುದ್ದೀನನನ್ನು ಪಕ್ಕಕ್ಕೆ ಕರೆದ.

"ಸಾಕ್ಷಿ ಇಲ್ಲದ ಕುಣಿ ಮಶೀನಿನ ಕುಣಿ ಆಗ್ತದ. ಮೊದಲನೇ ದಿನಾನ ಇಷ್ಟು ಅಗದದ ಅಂದ್ರ ಗುತ್ತೇದಾರ್ರು ಖುಷಿ ಆಗಿ ನಿನ್ನ ಕೆಲಸದಾಗ ಇಟ್ಕೋತಾರ. ಸುಮ್ಮನಿರು."

ಡ್ರೈವರ್ ಆಗಿ ನಸೀರುದ್ದೀನನಿಗೆ ಅದು ನಿಜಕ್ಕೂ ಮೊದಲ ದಿನ. ಮಗ ಮಶೀನಿನ ಮೇಲೆ ಕೂತನೆಂದು ಸುರಪುರದಲ್ಲಿ ತಾಯಿ ಶರೀಫಾಬೀ ಓಣಿಗೆಲ್ಲ ಸಕ್ಕರೆ ಹಂಚಿದ್ದಳು. ಈಗ ಬಾಯಿ ಬಿಟ್ಟರೆ ಇದೇ ಕೊನೆಯ ದಿನವೂ ಆಗಬಹುದು. ಮುಚ್ಚಿಕೊಂಡರೆ ಇಬ್ಬರ ಬೆವರಿನ ಮೇಲೆ ತನ್ನ ಹೆಸರು ಬೀಳುತ್ತದೆ, ಅದೂ ಅವರು ಕೆಲಸ ಕಳೆದುಕೊಂಡ ದಿನ. ಅವನಿಗೆ ಹೆದರಿಕೆಯಾಯಿತು, ನಾಚಿಕೆಯೂ ಆಯಿತು. ನಾಚಿಕೆಯದೇ ಒಂದು ಕೈ ಮೇಲಾಯಿತು.

"ಕುಣಿ ಅವರು ಅಗದದ್ದು ರೀ. ನಾ ಕೆಡವಿದ್ದು ಸಾಕ್ಷಿ ಅಷ್ಟ," ಎಂದ, ಎಲ್ಲರಿಗೂ ಕೇಳುವಂತೆ.

ಪರಮಣ್ಣ ಅಳತೆಯ ಪುಸ್ತಕ ತೆಗೆದ. "ಮಶೀನಿನವನೇ ಹಿಂಗಂದ ಅಂತ ಬರೀತೀನಿ. ನಾಳಿ ಗುತ್ತೇದಾರ್ರು ಕೇಳಿದ್ರ ನನ್ನ ಕಡಿ ನೋಡಬ್ಯಾಡ. ಎಷ್ಟೆತ್ತರ ಇತ್ತು?"

ನಸೀರುದ್ದೀನ ಕುಣಿಗೆ ಇಳಿದು, ಕಂಬ ಇದ್ದ ಕಡೆ ಹೋಗಿ, ಮಶೀನಿನ ಹಲ್ಲಿನ ಗುರುತಿನ ಮೇಲೆ ನೆಟ್ಟಗೆ ನಿಂತ. "ನನ್ನಷ್ಟ ಇತ್ರಿ. ಅಳೀರಿ."

ಪರಮಣ್ಣ ಗೊಣಗುತ್ತ ಇಳಿದುಬಂದು, ಅವನ ನೆತ್ತಿಯ ಮೇಲೆ ಟೇಪಿನ ತುದಿ ಇಟ್ಟು ಕೆಳಗೆ ಬಿಟ್ಟ. ಕೆಳಗಿನ ತುದಿ ನೆಲಕ್ಕೆ ಹಿಡಿಯಲು ಬಗ್ಗಿದ ಅಂಬ್ರಪ್ಪ, ನಸೀರುದ್ದೀನನ ಪಾದಗಳನ್ನು ನೋಡಿ ಹಾಗೇ ನಿಂತ.

"ಹಿಮ್ಮಡ ಕೆಳಗ ಇಡಪಾ," ಎಂದ ಮೆಲ್ಲಗೆ. "ನಾವು ಅಗದಷ್ಟು ಸಾಕು."