ಸಂಜೆ ಏಳೂವರೆಯ ಕಳ್ಳ

ಬುಧವಾರವೂ ಬಂದಿದ್ದ. ಏಳು ಮೂವತ್ತೊಂದಕ್ಕೆ ಬೆನ್ನುಬೆನ್ನಿಗೆ ಎರಡು ಸಲ, ಒಂದು ನಿಮಿಷ ಬಿಟ್ಟು ಮತ್ತೊಂದು ಸಲ. ಮೂರು ಸಲವೂ ಸರ್ವರ್ ಅವನನ್ನು ಬಾಗಿಲಲ್ಲೇ ತಡೆದಿತ್ತು.

ಗಜೇಂದ್ರಗಡದ ಸೀರೆ ಅಂಗಡಿಯಲ್ಲಿ ಕೂತು ರಾಜೇಶ್ವರಿ ಸರ್ವರಿನ ದಾಖಲೆಯಲ್ಲಿದ್ದ ಆ ಸಾಲುಗಳನ್ನು ನಾಲ್ಕನೆಯ ಬಾರಿ ಓದಿದಳು. ಹಬ್ಬಕ್ಕೆ ಮಗ್ಗ ಏರಬೇಕಾದ ಹೊಸ ಸೆರಗಿನ ನಮೂನೆಗಳೆಲ್ಲ ಪುಣೆಯ ಬಾಡಿಗೆ ಸರ್ವರಿನಲ್ಲಿದ್ದವು. ಒಳಹೋಗಲು ಎಸ್‌ಎಸ್‌ಎಚ್ ಒಂದೇ ದಾರಿ. ಆ ದಾರಿಯಲ್ಲಿ ಎಲ್ಲವೂ ಗೂಢಲಿಪಿಯಲ್ಲೇ ಓಡಾಡುತ್ತದೆ. ಬಾಗಿಲು ತೆರೆಯುವ ಕೀಲಿಕೈ ಫೈಲು ಅವಳ ಲ್ಯಾಪ್‌ಟಾಪಿನಲ್ಲಿ ಮಾತ್ರ ಇತ್ತು.

ನಮೂನೆಗಳನ್ನು ತಿಜೋರಿಯಿಂದ ಅಲ್ಲಿಗೆ ಸಾಗಿಸಲು ಹಟ ಹಿಡಿದವಳೂ ಅವಳೇ. ಮಾಲೀಕ ಪ್ರಭುಲಿಂಗಪ್ಪನವರು ಒಪ್ಪಲು ಎರಡು ತಿಂಗಳು ಹಿಡಿದಿತ್ತು. ಶಟರ್ ಎಳೆದು, ಹಾಕಿದ ಕೀಲಿ ಜಗ್ಗಿ ಜಗ್ಗಿ ನೋಡಿ, ಹತ್ತು ಹೆಜ್ಜೆ ಹೋದವರು ತಿರುಗಿ ಬಂದು ಇನ್ನೊಮ್ಮೆ ಜಗ್ಗುವ ಮನುಷ್ಯ.

"ಕಣ್ಣಿಗೆ ಕಾಣದ ಕಪಾಟಿನ್ಯಾಗ ಇಡಾಕತ್ತಿ. ಹೋತಂದ್ರ ನಿನ್ನನ್ನ ಕೇಳಾಂವ ನಾ," ಎಂದಿದ್ದರು.

ಈಗ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ರಾಜೂರಿನ ಮನೆಯಲ್ಲಿ ಮಲಗಿದ್ದರು. ಅವರಿಗೆ ಹೇಳುವ ಧೈರ್ಯ ಅವಳಿಗಿರಲಿಲ್ಲ. ತಾನೇ ಏನೋ ತಪ್ಪು ಮಾಡಿರಬಹುದೆಂದು ಸರ್ವರಿನ ಸೆಟ್ಟಿಂಗುಗಳನ್ನು ಮೂರು ಸಲ ಪರೀಕ್ಷಿಸಿದಳು. ಎಲ್ಲ ಸರಿಯಾಗಿತ್ತು. ಅದಕ್ಕೇ ಇನ್ನಷ್ಟು ಹೆದರಿದಳು.

ಕಳ್ಳ ಬಳಸುತ್ತಿದ್ದ ಬಳಕೆದಾರ ಹೆಸರು 'ಅಂಗಡಿ'. ಸರ್ವರ್ ಸಿದ್ಧಮಾಡಿಕೊಟ್ಟ ಇರ್ಫಾನ ಮೊದಲ ದಿನ ಇಟ್ಟ ಹೆಸರದು. ಸಂಜೆ ಕ್ಲಾಸಿನಲ್ಲಿ ಅವಳಿಗೆ ಇದೆಲ್ಲ ಕಲಿಸಿದವನೂ ಅವನೇ. ಈಗ ನರಗುಂದದ ಇನ್ನೊಬ್ಬ ಸೀರೆ ವ್ಯಾಪಾರಿಯ ಕೆಲಸಕ್ಕಿದ್ದ. ಇನ್ನೊಂದು ಸುಳಿವೂ ಇತ್ತು: ನಡುವೆ ಸೋಮವಾರ ಮಾತ್ರ ಕಳ್ಳ ಬಂದಿರಲಿಲ್ಲ. ಅಂಗಡಿಗೂ ಅವತ್ತೇ ರಜೆ.

ಇರ್ಫಾನನಿಗೆ ಫೋನ್ ಮಾಡಿ, ಸರ್ವರಿನ ಕಡೆ ಏನಾದರೂ ಹೋಗಿದ್ದಿಯಾ ಎಂದು ಸುತ್ತುಬಳಸಿ ಕೇಳಿದಳು. ಅವನು ನಕ್ಕ.

"ಅಲ್ಲಿ ನಂದೇನ ಕೆಲಸ ಐತಿ? ಹೋದ ವಾರ ಯಜಮಾನ್ರನ್ನ ಮಾತಾಡ್ಸಾಕ ರಾಜೂರಿಗೆ ಹೋಗಿದ್ದೆ, ಅಷ್ಟ."

ಕಳ್ಳ ಬರಲು ಶುರುವಾದದ್ದೂ ಹೋದ ವಾರವೇ. ಮಲಗಿದ ಮುದುಕರ ಬಾಯಿಂದ ಏನು ಕಿತ್ತುಕೊಂಡು ಬಂದನೋ.

ಗುರುವಾರ ಅವಳು ಪೊಲೀಸರಿಗೆ ಅರ್ಜಿ ಬರೆದಳು. ಇರ್ಫಾನನ ಹೆಸರು ಬರೆಯುವಲ್ಲಿ ಪೆನ್ನು ನಿಂತಿತು. ಆ ಜಾಗ ಖಾಲಿ ಬಿಟ್ಟಳು. ಏಳೂಕಾಲಿಗೆ, ಕಳ್ಳ ಬರುತ್ತಿದ್ದ ಇಂಟರ್ನೆಟ್ ವಿಳಾಸವನ್ನೇ ಸರ್ವರಿನಿಂದ ಪೂರ್ತಿ ದೂರವಿಟ್ಟಳು. ಇನ್ನು ಅವನಿಗೆ ಬಾಗಿಲೂ ಕಾಣದು.

ಏಳೂವರೆ ಆಯಿತು. ಒಂದು ಸಾಲೂ ಬರಲಿಲ್ಲ. ಉಸಿರು ಬಿಟ್ಟು, ಇರ್ಫಾನ ಎಂದು ಬರೆದೇಬಿಡಲು ಪೆನ್ನು ಎತ್ತಿದಳು. ಫೋನ್ ಬಡಿದುಕೊಂಡಿತು. ಪ್ರಭುಲಿಂಗಪ್ಪನವರು.

"ರಾಜೇಶ್ವರಿ, ಇರ್ಫಾನ ಆ ಕಪಾಟಿನ ಕದಾ ಮೊಬೈಲಿಗೆ ಹಾಕಿಕೊಟ್ಟ ಮ್ಯಾಲೆ ಸೋಮವಾರ ಬಿಟ್ಟ ದಿನಾ ಮೂರ ಸಲ ಜಗ್ಗಿ ನೋಡಿ, ಗಟ್ಟಿ ಐತಿ ಅಂತ ಉಣ್ಣಾಕ ಕುಂಡ್ರತಿದ್ದೆ; ಇವತ್ತ ಜಗ್ಗಾಕ ಕೀಲೀನ ಸಿಗವಲ್ದವಾ, ಯಾರೋ ಕದಾನ ಒಯ್ದಾರ ನೋಡ."