ಏಳನೇ ಮೆಟ್ಟಿಲು

ಏಳು ಸಮುದ್ರಗಳಾಚೆಯ ಕಥೆಯಲ್ಲ ಇದು, ಏಳು ಮೆಟ್ಟಿಲುಗಳಾಚೆಯದು. ಕೆಳಮನೆಯಲ್ಲಿ ಒಬ್ಬ ಇಸ್ತ್ರಿಯವಳು, ಅವಳಿಗೊಬ್ಬಳು ಮಗಳು. ಮಹಡಿಯಲ್ಲಿ ಒಬ್ಬರು ಮುದುಕರು. ನಡುವೆ ಮೆಟ್ಟಿಲು. ಏಳನೆಯದರ ಮೇಲೆ ಇಂಟರ್ನೆಟ್.

ಅಲ್ಲಿ ಮಾತ್ರ ಸಿಗುತ್ತಿತ್ತು. ಗಾಳಿಗೆಂದು ಅಲ್ಲಿ ಕೂತು ಓದುತ್ತಿದ್ದ ಮಗಳ ಫೋನಿಗೆ ಒಂದು ಸಂಜೆ ಮಹಡಿ ಮನೆಯ ವೈ-ಫೈ ತಾನಾಗಿಯೇ ಸಿಕ್ಕಿಬಿಟ್ಟಿತು. ಪಾಸ್‌ವರ್ಡ್ ಇರಲಿಲ್ಲ. ವಯಸ್ಸಾದವರಿಗೆ ಅದೆಲ್ಲ ಎಲ್ಲಿ ತಿಳಿಯಬೇಕು ಎಂದುಕೊಂಡಳು ತಾಯಿ. ಅಂದಿನಿಂದ ನರ್ಸಿಂಗ್ ಪಾಠವೆಲ್ಲ ಮೆಟ್ಟಿಲ ಮೇಲೆಯೇ. ಕದ್ದ ಪಾಠ ಎಂದು ತಾಯಿಗೆ ಅಳುಕು.

ಮುದುಕರನ್ನು ಎಲ್ಲರೂ ಗಡಿಯಾರದ ತಾತ ಎನ್ನುತ್ತಿದ್ದರು. ವಾಚ್ ರಿಪೇರಿ ಅಂಗಡಿ ಮುಚ್ಚಿದ ಮೇಲೆ ಅವರ ಬಾಯಿಯೂ ಮುಚ್ಚಿದಂತಿತ್ತು. ಇಸ್ತ್ರಿಯವಳು ಜನರನ್ನು ಅಳೆಯುವುದು ಅಂಗಿಯಿಂದ. ಚಿಲ್ಲರೆ, ಫೋನು, ಬೀಗದಕೈ ತುಂಬಿ ತುಂಬಿ ಆ ಬೀದಿಯ ಗಂಡಸರ ಜೇಬುಗಳೆಲ್ಲ ಜೋತುಬಿದ್ದಿರುತ್ತಿದ್ದವು. ಎಷ್ಟು ಒತ್ತಿದರೂ ಸರಿಹೋಗುತ್ತಿರಲಿಲ್ಲ. ತಾತನ ಜೇಬು ಮಾತ್ರ ಹೊಲಿದ ದಿನದಷ್ಟೇ ಚಪ್ಪಟೆ. ಜೇಬಿಗೆ ಕೈಯೇ ಹಾಕದ ಜಿಪುಣರು ಎಂದು ಅವಳ ತೀರ್ಪು.

ಆ ತಾತ ಒಂದು ದಿನ ಅಂಗಿ ಒಯ್ಯಲು ಬಂದವರು ಹೊಸ್ತಿಲಲ್ಲೇ ನಿಂತುಬಿಟ್ಟರು.

“ಏನಮ್ಮ, ನಿಮ್ಮನೆಗೆ ಇಂಟರ್ನೆಟ್ ಯಾವಾಗ ಬರೋದು? ಇನ್ನೆಷ್ಟು ದಿನ ಹೀಗೆ? ನನ್ನ ಕೈಲಂತೂ ಆಗ್ತಿಲ್ಲ.”

ಅವಳಿಗೆ ಕೆಂಡ ತುಳಿದಂತಾಯಿತು. “ಈ ತಿಂಗಳು ಮುಗಿಯೋದ್ರೊಳಗೆ ಹಾಕಿಸ್ತೀನಿ ತಾತ. ಆಮೇಲೆ ಅವಳು ನಿಮ್ಮ ಮೆಟ್ಟಿಲು ತುಳಿಯಲ್ಲ. ಇದು ನನ್ನ ಮಾತು.”

“ಮುಂದಿನ ತಿಂಗಳು ಅವಳಿಗೆ ಪರೀಕ್ಷೆ ಅಲ್ವಾ?” ಎಂದರು ತಾತ. ಬೆದರಿಕೆಯಂತೆ ಕೇಳಿಸಿತು.

ಬಡವರ ಮನೆಗಳಿಗೆ ಕಡಿಮೆ ದರದ ಸಂಪರ್ಕ ಎಂದು ಇಂಟರ್ನೆಟ್ ಕಂಪನಿಯವರು ಗೋಡೆ ಗೋಡೆಗೂ ಕಾಗದ ಅಂಟಿಸಿದ್ದರು. ಕಂಪನಿಯ ಕಚೇರಿಗೆ ಹೋದರೆ ಕೌಂಟರಿನವಳು ತಲೆಯೆತ್ತಲಿಲ್ಲ.

“ಅರ್ಜಿ ಆನ್‌ಲೈನ್‌ನಲ್ಲೇ ಹಾಕ್ಬೇಕಮ್ಮ.”

“ಇಂಟರ್ನೆಟ್ ಇಲ್ಲ ಅಂತ ತಾನೇ ತಾಯಿ, ನಿಮ್ಮ ಹತ್ರ ಬಂದಿರೋದು?”

“ಇರೋರ ಮನೇಲಿ ಕೂತು ಹಾಕಿ.”

ಮಗಳು ಏಳನೇ ಮೆಟ್ಟಿಲ ಮೇಲೆ ಕೂತೇ ಅರ್ಜಿ ಹಾಕಿದಳು. ಆದಾಯದ ಪತ್ರ ಬೇಕೆಂದರು; ತಾಯಿ ತಂದಳು. ಕರೆಂಟ್ ಬಿಲ್ಲು ಮನೆ ಮಾಲೀಕರ ಹೆಸರಲ್ಲಿದೆ ಎಂದರು. ಮಾಲೀಕರ ಹಿಂದೆ ನಾಲ್ಕು ದಿನ ಸುತ್ತಿ ಸಹಿ ಹಾಕಿಸಿದಳು. ಸಹಿ ಗೆರೆ ದಾಟಿದೆ ಎಂದರು. ಅಲೆದಲೆದು ಚಪ್ಪಲಿ ಸವೆಯಿತು. ಇಸ್ತ್ರಿಗೆ ಬಂದ ಬಟ್ಟೆ ಗುಡ್ಡೆಯಾಯಿತು. ಕೂತರೆ ಏಳಲಾಗದೆಂದು ಅವಳು ಕೂರುವುದನ್ನೇ ಬಿಟ್ಟಳು.

ತಿಂಗಳ ಕೊನೆಯ ದಿನ ಮಧ್ಯಾಹ್ನ ಲೈನ್‌ಮ್ಯಾನ್ ಬಂದ. ಗೋಡೆಗೆ ತೂತು ಕೊರೆದು, ತಂತಿ ಎಳೆದು, ಪುಟ್ಟ ಪೆಟ್ಟಿಗೆಯಲ್ಲಿ ಹಸಿರು ದೀಪ ಹೊತ್ತಿಸಿದ. ಮಗಳು ಚಾಪೆ ಹಾಸಿ, ಗೋಡೆಗೊರಗಿ, ಕಾಲು ಚಾಚಿ ಪಾಠ ಕೇಳತೊಡಗಿದಳು.

ಕೊಟ್ಟ ಮಾತು ಉಳಿಯಿತು. ಅದನ್ನು ಮುಖಕ್ಕೆ ಹೊಡೆದಂತೆ ಹೇಳಿಬರಬೇಕೆಂದು ತಾಯಿ ತಾತನ ಅಂಗಿಗಳನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಲೈನ್‌ಮ್ಯಾನ್ ಅವಳಿಗಿಂತ ಮುಂದೆ ಹತ್ತುತ್ತಿದ್ದ. ಮೇಲೆ ತಾತ ತಮ್ಮ ಇಂಟರ್ನೆಟ್ ಪೆಟ್ಟಿಗೆಗೆ ತಂತಿ ಸುತ್ತಿಕೊಂಡು ಬಾಗಿಲಲ್ಲೇ ಕಾದಿದ್ದರು.

“ಕೆಳಗೆ ಬಂತು ತಾನೇ? ಹಾಗಾದ್ರೆ ಇದನ್ನ ತಗೊಂಡು ಹೋಗಪ್ಪ.”

“ಸಂಪರ್ಕ ತೆಗೆಯೋಕೆ ನಿಮ್ಮ ಮೊಬೈಲ್‌ಗೆ ಒಂದು ನಂಬರ್ ಬರುತ್ತೆ ತಾತ, ನೋಡಿ ಹೇಳಿ.”

“ಹಾಕಿಸಿದ ದಿನವೇ ಹೇಳಿದ್ನಲ್ಲಪ್ಪ, ನನ್ನ ಹತ್ರ ಫೋನೇ ಇಲ್ಲ ಅಂತ.”