ಹಿಂದಿನ ಹೀಟರ್

ಎರೆಲ್ ಕೈಗವಸು ಕಳಚಿ, ಬೆರಳಿನ ಹಿಂಬದಿಯನ್ನು ವ್ಯಾನಿನ ಬಾನೆಟ್ಟಿಗೆ ಮುಟ್ಟಿಸಿದ. ಬೆಚ್ಚಗಿತ್ತು.

"ಬೆಳಗಿನ ಜಾವವೇ ಸ್ಟಾರ್ಟ್ ಮಾಡಿ ಕಾಯಿಸಿಟ್ಟಿದ್ದೀರ. ಇದು ಬೇಡ ಮಾಮ."

ಸ್ಪಿರಿದೋನ್ ಹಲ್ಲು ಕಿರಿದ. ಯಾಕುತ್ಸ್ಕ್ ಪಟ್ಟಣದ ಹಳೇ ಗಾಡಿಗಳ ಸಂತೆಯಲ್ಲೇ ತಲೆ ನರೆಸಿಕೊಂಡ ವ್ಯಾಪಾರಿ ಅವನು. ಬಿಸಿ ಎಂಜಿನ್ ಸುಳ್ಳು ಹೇಳುತ್ತದೆ, ತಣ್ಣಗಿರುವುದು ಹೇಳುವುದಿಲ್ಲ ಎಂಬ ಮಾತು ಈ ಸಂತೆಯದೇ. ಗಿರಾಕಿ ಪೆದ್ದನಲ್ಲ ಎಂದು ಅವನಿಗೆ ಗೊತ್ತಾಯಿತು.

"ಯಾತಕ್ಕೆ ಬೇಕು ಗಾಡಿ?"

"ಅಪ್ಪ ದೊಡ್ಡಾಸ್ಪತ್ರೆಲಿದ್ದಾರೆ. ಊರಿಗೆ ಕರ್ಕೊಂಡು ಹೋಗ್ಬೇಕು. ಎರಡು ದಿನದ ದಾರಿ, ಮಲಗಿಕೊಂಡೇ ಬರ್ಬೇಕು."

ಏಪ್ರಿಲ್ ಬಂದಿತ್ತು. ಬೆಳಿಗ್ಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿದ್ದರೂ ಮಧ್ಯಾಹ್ನದ ಬಿಸಿಲಿಗೆ ಸೂರುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಹೆಪ್ಪುಗಟ್ಟಿದ ನದಿಯ ಮೇಲಿನ ಹಿಮದಾರಿಯನ್ನು ಈ ವಾರವೇ ಮುಚ್ಚುತ್ತಾರೆ. ಆಮೇಲೆ ಜೂನಿನವರೆಗೆ ಊರಿಗೆ ದಾರಿಯೇ ಇಲ್ಲ. ಬಾಡಿಗೆ ಡ್ರೈವರುಗಳಿಬ್ಬರು ವಿಷಯ ಕೇಳಿ ಆಗುವುದಿಲ್ಲ ಎಂದು ಹೋಗಿಬಿಟ್ಟಿದ್ದರು. ಅಮ್ಮ ಫೋನಿನಲ್ಲಿ ಕೇಳಿದ್ದು ಒಂದೇ. "ಹೇಗಾದ್ರೂ ಕರ್ಕೊಂಡು ಬಾ. ಅವರ ಮುಖ ನೋಡ್ಬೇಕು ನಾನು." ಎರೆಲ್ ಹೂಂ ಎಂದಿದ್ದ. ಅಳು ಬರಬೇಕಿತ್ತು, ಬರಲಿಲ್ಲ. ನಾಲ್ಕು ದಿನದಿಂದ ಅವನೊಳಗೆ ಎಲ್ಲವೂ ಮರಗಟ್ಟಿತ್ತು. ಉಂಡರೆ ರುಚಿಯಿಲ್ಲ, ಮಲಗಿದರೆ ನಿದ್ದೆಯಿಲ್ಲ, ಎರಡರ ಚಿಂತೆಯೂ ಇಲ್ಲ.

"ಹಾಗಾದ್ರೆ ಇದನ್ನ ನೋಡು," ಎಂದು ಸ್ಪಿರಿದೋನ್ ನೀಲಿ ವ್ಯಾನಿನ ಬಾಗಿಲು ತೆರೆದ. "ಹಿಂದೆ ಬೇರೆ ಹೀಟರ್ ಇದೆ. ಅರ್ಧ ಗಂಟೇಲಿ ಬಾಣಂತಿ ಕೋಣೆ ಥರ ಕಾಯುತ್ತೆ. ನಿಮ್ಮಪ್ಪ ಅಂಗಿ ಬಿಚ್ಚಿ ಮಲಗಬಹುದು."

ಎರೆಲ್ ಒಳಗೆ ಇಣುಕಲೂ ಇಲ್ಲ. ಮೂಲೆಯಲ್ಲಿ ನಿಂತಿದ್ದ ಬೂದುಬಣ್ಣದ ವ್ಯಾನಿನತ್ತ ಗದ್ದ ಎತ್ತಿದ. "ಅದು?"

"ಅದರ ಹಿಂದಿನ ಹೀಟರ್ ಕೆಟ್ಟು ವರ್ಷ ಆಯ್ತು. ಮುಂದೆ ಕೂತೋರಿಗೆ ಮಾತ್ರ ಬಿಸಿ."

ಎರೆಲ್ ಅದರ ಬಾನೆಟ್ ಮುಟ್ಟಿದ. ಕಬ್ಬಿಣ ಕೊರೆಯುತ್ತಿತ್ತು. ಕೀಲಿ ತಿರುಗಿಸಿದ. ಎರಡು ಸಲ ಕೆಮ್ಮಿ, ಮೂರನೆಯ ಸಲ ಎಂಜಿನ್ ಹಿಡಿದುಕೊಂಡಿತು. ಹಿಂದಿನ ಬಾಗಿಲು ತೆಗೆದು ಒಳಹತ್ತಿ, ಬರೀ ತಗಡಿನ ಮೇಲೆ ಅಂಗಾತ ಮಲಗಿ ಕಾಲು ಚಾಚಿದ. ಪಾದದಿಂದಾಚೆ ಎಷ್ಟು ಜಾಗ ಉಳಿಯಿತೆಂದು ಎದ್ದು ಗೇಣು ಹಾಕಿ ನೋಡಿದ.

"ಅಪ್ಪ ನನಗಿಂತ ಒಂದು ಗೇಣು ಉದ್ದ. ಸಾಕಾಗುತ್ತೆ."

"ಅಯ್ಯಾ, ಹೀಟರ್ ರಿಪೇರಿ ಮಾಡಿಸಿಕೊಡ್ತೀನಿ. ಒಂದು ಗಂಟೆ ಕೆಲಸ."

"ಬೇಡ."

"ದುಡ್ಡು ಕೇಳಲ್ಲ ಕಣಯ್ಯಾ."

"ದುಡ್ಡಿನ ಮಾತಲ್ಲ ಮಾಮ. ಬೇಡ." ಎರೆಲ್ ಡ್ರೈವರ್ ಸೀಟಿನ ಬೆನ್ನಿಗಿದ್ದ ಹಲಗೆಯ ಸಂದಿನಲ್ಲಿ ಬೆರಳಾಡಿಸಿದ. "ಮುಂದಿನ ಬಿಸಿ ಇಲ್ಲಿಂದ ಹಿಂದಕ್ಕೆ ಹೋಗುತ್ತೆ. ತುರುಕೋಕೆ ಹಳೇ ಕಂಬಳಿ ಚೂರು ಇದೆಯಾ?"

ಸ್ಪಿರಿದೋನನ ಮುಖ ಕಪ್ಪಿಟ್ಟಿತು. ಜುಗ್ಗರನ್ನು ಅವನು ಕಂಡಿದ್ದ. ಇದು ಜುಗ್ಗತನದ ಲೆಕ್ಕಕ್ಕೂ ಸಿಗುತ್ತಿರಲಿಲ್ಲ.

ಅಷ್ಟರಲ್ಲಿ ಎರೆಲನ ಫೋನು ಬಡಿದುಕೊಂಡಿತು. ಊರಿನಿಂದ ತಮ್ಮ ಮಿಚಿಲ್. ಅವನ ದೊಡ್ಡ ಗಂಟಲು ಪಕ್ಕದವರಿಗೂ ಕೇಳುವಂಥದ್ದು. "ಅಣ್ಣಾ, ನಿನ್ನೆಯಿಂದ ಬೆಂಕಿ ಆರೋಕೆ ಬಿಟ್ಟಿಲ್ಲ. ಸೌದೆ ಒಟ್ತಾನೇ ಇದೀವಿ. ನೀವು ಬರೋ ಹೊತ್ತಿಗೆ ಎಲ್ಲ ಸರಿಯಾಗಿರುತ್ತೆ."

"ಸರಿ. ಹಗಲು ನೆರಳಲ್ಲಿ ನಿಲ್ಲಿಸಿ, ಕತ್ತಲಾದ ಮೇಲೆ ಓಡಿಸ್ತೀನಿ," ಎಂದು ಎರೆಲ್ ಫೋನಿಟ್ಟ.

ಸ್ಪಿರಿದೋನನ ತಾಳ್ಮೆ ಅಲ್ಲಿಗೆ ಮುಗಿಯಿತು. "ತಮ್ಮ ನೋಡಿದ್ರೆ ಅಲ್ಲಿ ಬೆಂಕಿ ಹಾಕ್ಕೊಂಡು ಕಾಯ್ತಿದ್ದಾನೆ. ನೀನು ಕೊರೆಯೋ ರಾತ್ರೀಲಿ, ಹೀಟರ್ ಇಲ್ಲದ ಗಾಡೀಲಿ... ದಾರೀಲೇ ಮುದುಕನ್ನ ಮುಗಿಸಬೇಕು ಅಂತಿದ್ದೀಯೇನು?"

"ದಾರೀಲಿ ಅವರಿಗೇನೂ ಆಗಲ್ಲ."

"ಹೆತ್ತಪ್ಪ ಕಣೋ. ಎಂಥ ಕಲ್ಲೆದೆ ನಿಂದು."

ಎರೆಲ್ ಬೈಗುಳ ಇನ್ಯಾರಿಗೋ ಎಂಬಂತೆ ಕೇಳಿಸಿಕೊಂಡ. ಚೌಕಾಸಿ ಮಾಡದೆ ಹೇಳಿದಷ್ಟೂ ಕೊಟ್ಟ. ಸಂದಿಗೆ ತನ್ನ ಶಾಲನ್ನೇ ಹರಿದು ತುರುಕಿದ.

ಅವನು ಹೊರಡುವಾಗ ಸ್ಪಿರಿದೋನ್ ದಾಪುಗಾಲು ಹಾಕಿ ತನ್ನ ಗೂಡಂಗಡಿಗೆ ಹೋದ. ತಾನು ಹೊದ್ದು ಮಲಗುತ್ತಿದ್ದ ಹಿಮಸಾರಂಗದ ತೊಗಲಿನ ಹೊದಿಕೆಯನ್ನು ತಂದು ವ್ಯಾನಿನ ಹಿಂದಕ್ಕೆ ಎಸೆದ.

"ಇದು ನಿನಗಲ್ಲ, ನಿಮ್ಮಪ್ಪನಿಗೆ. ಹೊದಿಸದಿದ್ರೆ ನನ್ನಾಣೆ."

ಎರೆಲನ ತುಟಿ ಅಲುಗಿತು. ಹೇಳಿಬಿಡೋಣ ಅನ್ನಿಸಿತು. ಆದರೆ ಹೇಳಿದ್ದಕ್ಕೇ ಇಬ್ಬರು ಡ್ರೈವರುಗಳು ಹಿಂದೆ ಸರಿದಿದ್ದರು. ಕೊಟ್ಟ ಗಾಡಿಯನ್ನು ಸ್ಪಿರಿದೋನ್ ವಾಪಸು ಕೇಳಿದರೆ ಇನ್ನೊಂದು ಹುಡುಕಲು ದಿನವಿರಲಿಲ್ಲ. "ಹೊದಿಸ್ತೀನಿ ಮಾಮ," ಎಂದಷ್ಟೇ ಹೇಳಿ ಹೊರಟ.

ಆಸ್ಪತ್ರೆಯ ಮುಂಬಾಗಿಲಲ್ಲಿ ಅವನು ನಿಲ್ಲಿಸಲಿಲ್ಲ. ಸುತ್ತು ಹಾಕಿ, ಹಿಂದಿದ್ದ ಕಿಟಕಿಯಿಲ್ಲದ ಕಟ್ಟಡಕ್ಕೆ ವ್ಯಾನಿನ ಬೆನ್ನು ತಿರುಗಿಸಿ ನಿಲ್ಲಿಸಿದ. ಕಾವಲುಗಾರ ಕಾಗದ ನೋಡಿ ಬೀಗ ತೆಗೆದ. ಇಬ್ಬರೂ ಸೇರಿ ಅಪ್ಪನನ್ನು ಹಲಗೆಯ ಸಮೇತ ಒಳಕ್ಕೆ ಜಾರಿಸಿದರು. ಒಂದು ಗೇಣಿನ ಲೆಕ್ಕ ಸರಿಯಾಗಿತ್ತು.

"ಬಿಸಿಲು ಜೋರಾಗ್ತಿದೆ, ಹುಷಾರಪ್ಪಾ," ಎಂದ ಕಾವಲುಗಾರ.

ಊರಿನ ದಿಬ್ಬದ ಮೇಲೆ ಮಿಚಿಲನ ಬೆಂಕಿ ಹೆಪ್ಪುಗಟ್ಟಿದ ನೆಲವನ್ನು ಮೊಳ ಮೊಳವಾಗಿ ಮೆತ್ತಗೆ ಮಾಡುತ್ತಿತ್ತು, ಗುಂಡಿ ಅಗೆಯಲು. ಎರೆಲ್ ಸ್ಪಿರಿದೋನನ ಹೊದಿಕೆಯನ್ನು ಬಿಡಿಸಿ ಹೊದಿಸಿದ. ಎಲ್ಲೂ ಗಾಳಿಯಾಡದಂತೆ ನಾಲ್ಕೂ ಅಂಚುಗಳನ್ನು ಅಡಿಗೆ ಸೇರಿಸಿ ಒತ್ತಿದ.

ಅಮ್ಮ ಮುಖ ನೋಡುವವರೆಗೆ, ಇನ್ನೆರಡು ದಿನ, ಅದು ಅಪ್ಪನ ಮೈಯ ಚಳಿಯನ್ನು ಹೊರಹೋಗದಂತೆ ಹಿಡಿದಿಡಬೇಕಿತ್ತು.